ದಿಕ್ಕು ಬದಲಿಸುವ ಉದ್ಯಮಗಳು ಮತ್ತು ಮಾತಿನ ಹೊಣೆ

2026ರ ಜನವರಿಯಲ್ಲಿ ರಾಜಧಾನಿಯ ಪತ್ರಿಕೆಗಳಲ್ಲಿ ಪ್ರಕಟವಾದ ಸುದ್ದಿಯೊಂದು ಸಾಕಷ್ಟು ಚರ್ಚೆಗೆ ಎಡೆಮಾಡಿತು. ಕೇಂದ್ರ ಕಾರ್ಮಿಕ ಸಚಿವ ಮನಸುಖ್ ಮಾಂಡವಿಯಾ ಅವರು ಮನೆಬಾಗಿಲಿಗೆ ಸಾಮಾನು ತಲುಪಿಸುವ ಕಂಪನಿಗಳೊಡನೆ ಮಾತುಕತೆ ನಡೆಸಿದ ತರುವಾಯ, ಗುರುಗ್ರಾಮದ ಬ್ಲಿಂಕಿಟ್ ಸಂಸ್ಥೆಯು ತನ್ನ ಪ್ರಚಾರದಿಂದ ‘ಹತ್ತು ನಿಮಿಷ’ ಎಂಬ ಮಾತನ್ನು ಕೈಬಿಟ್ಟಿತು. ಅಂಗಡಿ-ಗೋದಾಮುಗಳು ಮುಚ್ಚಲಿಲ್ಲ, ಬೀದಿಯಲ್ಲಿ ಬೈಕುಗಳ ಓಡಾಟವೂ ನಿಲ್ಲಲಿಲ್ಲ. ಬದಲಾದದ್ದು ಒಂದು ಘೋಷವಾಕ್ಯ. ಆದರೆ ಆ ಘೋಷವಾಕ್ಯದ ಮೇಲೆಯೇ ಸಂಸ್ಥೆಯು 2021ರಲ್ಲಿ ತನ್ನ ಹೊಸ ಹೆಸರನ್ನೂ ಹೊಸ ಬದುಕನ್ನೂ ಕಟ್ಟಿಕೊಂಡಿತ್ತೆಂಬುದನ್ನು ನೆನೆದಾಗ, ಉದ್ಯಮಿಯೊಬ್ಬನು ದಾರಿ ಬದಲಿಸುವಾಗ ಆಡುವ ಮಾತಿಗೆ ಎಷ್ಟು ದೀರ್ಘಾಯುಸ್ಸು ಇದೆಯೆಂಬುದು ಮನವರಿಕೆಯಾಗುತ್ತದೆ.

ಈ ವಿಷಯ ವ್ಯಾಪಾರಸ್ಥರಿಗೆ ಸಂಬಂಧಿಸಿದ್ದು, ನಮಗೇಕೆ ಎಂದು ಓದುಗರು ಕೇಳಬಹುದು. ಕೇಂದ್ರ ಸರ್ಕಾರದ ನೌಕರಿಗೆಂದು ದೆಹಲಿಗೆ ಬಂದು ನೆಲೆನಿಂತ ಕನ್ನಡ ಕುಟುಂಬಗಳ ಎರಡನೆಯ, ಮೂರನೆಯ ತಲೆಮಾರು ಇಂದು ಗುರುಗ್ರಾಮ-ನೋಯ್ಡಾಗಳ ನವೋದ್ಯಮಗಳಲ್ಲಿ ದುಡಿಯುತ್ತಿದೆ. ಕೆಲವರು ಸ್ವತಃ ಸಂಸ್ಥಾಪಕರಾಗುವ ಹಂಬಲದಲ್ಲಿದ್ದಾರೆ. ನಿವೃತ್ತ ಹಿರಿಯರ ಉಳಿತಾಯದ ಒಂದಂಶ ಇಂಥ ಕಂಪನಿಗಳ ಷೇರುಗಳಲ್ಲಿದೆ. ತರಕಾರಿಯಿಂದ ಔಷಧಿಯವರೆಗೆ ನಿತ್ಯದ ಬದುಕು ಇವುಗಳನ್ನು ಅವಲಂಬಿಸಿದೆ. ಆದಕಾರಣ ಇಂಥ ಸಂಸ್ಥೆಯೊಂದು ಮಗ್ಗುಲು ಬದಲಿಸಿದಾಗ ಅದು ಯಾರಿಗೆ, ಏನು, ಯಾವಾಗ ಹೇಳಿತು ಎಂಬುದು ನಮ್ಮ ಮನೆಯ ಪ್ರಶ್ನೆಯೂ ಹೌದು.

ಬದಲಾವಣೆ ಅಪರಾಧವಲ್ಲ

ನವೋದ್ಯಮಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ದಿಕ್ಕು ಬದಲಾವಣೆಯ ಚರಿತ್ರೆಯೇ. ದೀಪಿಂದರ್ ಗೋಯಲ್ ಮತ್ತು ಪಂಕಜ್ ಚಡ್ಡಾ 2008ರಲ್ಲಿ ಆರಂಭಿಸಿದ ‘ಫುಡೀಬೇ’ ಹೋಟೆಲುಗಳ ಮೆನು ಕಾರ್ಡುಗಳನ್ನು ಅಂತರಜಾಲದಲ್ಲಿ ಒದಗಿಸುವ ತಾಣವಾಗಿತ್ತು. 2010ರಲ್ಲಿ ಅದು ‘ಜೊಮಾಟೊ’ ಆಯಿತು, 2015ರಲ್ಲಿ ಊಟ ತಲುಪಿಸುವ ಕೆಲಸಕ್ಕಿಳಿಯಿತು, 2025ರಲ್ಲಿ ಮಾತೃಸಂಸ್ಥೆಯ ಹೆಸರು ‘ಎಟರ್ನಲ್’ ಎಂದಾಯಿತು. ನೋಯ್ಡಾದ ಪೇಟಿಎಂ ಮೊಬೈಲಿಗೆ ಹಣ ತುಂಬಿಸುವ ಸೇವೆಯಾಗಿ 2010ರಲ್ಲಿ ಹುಟ್ಟಿತು. ಸ್ನ್ಯಾಪ್‌ಡೀಲ್ ಅದೇ ವರ್ಷ ರಿಯಾಯಿತಿ ಕೂಪನ್ನುಗಳ ವ್ಯವಹಾರವಾಗಿ ಪ್ರಾರಂಭಗೊಂಡು, ಬಳಿಕ ಸಾವಿರಾರು ವರ್ತಕರು ತಮ್ಮ ಸರಕು ಮಾರುವ ಸಂತೆಯಾಗಿ ಮಾರ್ಪಟ್ಟಿತು.

ಹೀಗಿರುವಾಗ ದಾರಿ ಬದಲಿಸಿದ್ದಕ್ಕಾಗಿ ಯಾರನ್ನೂ ಹಳಿಯಬೇಕಾಗಿಲ್ಲ. ಆದರೆ ಹಳೆಯ ದಾರಿಯನ್ನು ನಂಬಿ ಬಂದವರು ನಾಲ್ಕು ಬಗೆಯವರಿರುತ್ತಾರೆ: ನೌಕರರು, ಬಂಡವಾಳ ಹೂಡಿದವರು, ಸರಕು ಅಥವಾ ಶ್ರಮ ಒದಗಿಸುವವರು, ಗ್ರಾಹಕರು. ಇವರೆಲ್ಲರ ಅಳಲೂ ಒಂದೇ ಅಲ್ಲ. ನೌಕರನಿಗೆ ಕೆಲಸದ ಚಿಂತೆ, ಹೂಡಿಕೆದಾರನಿಗೆ ಅಸಲಿನ ಚಿಂತೆ, ವರ್ತಕನಿಗೆ ಬಾಕಿ ಹಣದ ಚಿಂತೆ. ಇವರೆಲ್ಲರಿಗೂ ಒಂದೇ ಹೊಗಳಿಕೆಯ ಪ್ರಕಟಣೆಯನ್ನು ಹಂಚಿ ಕೈತೊಳೆದುಕೊಳ್ಳುವುದನ್ನೇ ಸಾರ್ವಜನಿಕ ಸಂಪರ್ಕವೆಂದು ಭಾವಿಸಿದವರು ಬಹಳ ಮಂದಿ. ರಾಜಧಾನಿಯ ಸುತ್ತಲಿನ ಕೆಲವು ನಿದರ್ಶನಗಳು ಇದಕ್ಕಿಂತ ಹೆಚ್ಚಿನದನ್ನು ಕಲಿಸುತ್ತವೆ.

ಸ್ನ್ಯಾಪ್‌ಡೀಲ್: ಒಳಗಿನವರಿಗೆ ಮೊದಲ ಮಾತು

2017ರ ಫೆಬ್ರವರಿಯಲ್ಲಿ ಸ್ನ್ಯಾಪ್‌ಡೀಲ್ ನೂರಾರು ಜನರನ್ನು ಕೆಲಸದಿಂದ ತೆಗೆಯಬೇಕಾದಾಗ ಸಂಸ್ಥಾಪಕರಾದ ಕುನಾಲ್ ಬಹಲ್ ಮತ್ತು ರೋಹಿತ್ ಬನ್ಸಲ್ ನೌಕರರಿಗೆ ಪತ್ರ ಬರೆದರು. ಲಾಭದ ಲೆಕ್ಕ ಸರಿಯಾಗಿ ಕುದುರುವ ಮೊದಲೇ ವ್ಯವಹಾರವನ್ನು ಹಿಗ್ಗಿಸಿದ್ದು ತಮ್ಮದೇ ತಪ್ಪೆಂದು ಅದರಲ್ಲಿ ಒಪ್ಪಿಕೊಂಡರಲ್ಲದೆ ತಾವಿಬ್ಬರೂ ಸಂಬಳವನ್ನು ಪೂರ್ತಿಯಾಗಿ ಬಿಟ್ಟುಕೊಡುವುದಾಗಿ ತಿಳಿಸಿದರು. ಅದೇ ವರ್ಷ ಜುಲೈ ತಿಂಗಳಿನಲ್ಲಿ ಫ್ಲಿಪ್‌ಕಾರ್ಟಿನೊಡನೆ ವಿಲೀನದ ಮಾತುಕತೆ ಮುರಿದುಬಿತ್ತು. ಸಂಸ್ಥೆಯು ಸ್ವತಂತ್ರವಾಗಿ, ಚಿಕ್ಕದಾಗಿ ಮುಂದುವರಿಯುವುದೆಂದು ‘ಸ್ನ್ಯಾಪ್‌ಡೀಲ್ 2.0’ ಎಂಬ ಹೆಸರಿನಲ್ಲಿ ಘೋಷಿಸಲಾಯಿತು.

ಕೆಲಸ ಕಳೆದುಕೊಂಡವರಿಗೆ ಆ ಪತ್ರದಿಂದ ಹೊಟ್ಟೆ ತುಂಬಲಿಲ್ಲ, ನಿಜ. ಆದರೂ ಅದರಲ್ಲಿ ಗಮನಿಸತಕ್ಕ ಎರಡು ಗುಣಗಳಿದ್ದವು. ಮೊದಲನೆಯದಾಗಿ, ದೋಷವನ್ನು ‘ಮಾರುಕಟ್ಟೆಯ ಪರಿಸ್ಥಿತಿ’ಯ ತಲೆಗೆ ಕಟ್ಟಲಿಲ್ಲ. ಎರಡನೆಯದಾಗಿ, ನಷ್ಟದಲ್ಲಿ ತಮ್ಮ ಪಾಲೆಷ್ಟೆಂಬುದನ್ನು ಸಂಸ್ಥಾಪಕರು ಹೇಳಿದರು. ತ್ಯಾಗವನ್ನು ಇತರರಿಂದ ಮಾತ್ರ ಬೇಡುವ ಪ್ರಕಟಣೆಯನ್ನು ಯಾವ ಭಾಷೆಯಲ್ಲಿ ಬರೆದರೂ ಅದು ಓದಿದವರ ಮನಸ್ಸಿಗೆ ತಟ್ಟದು.

ಹತ್ತು ನಿಮಿಷದ ಭಾರ

ಬ್ಲಿಂಕಿಟ್‌ನ ಪೂರ್ವಾಶ್ರಮದ ಹೆಸರು ‘ಗ್ರೋಫರ್ಸ್’. 2013ರಲ್ಲಿ ಹುಟ್ಟಿದ ಈ ಸಂಸ್ಥೆಯು ಹಲವು ನಗರಗಳಿಗೆ ಹಬ್ಬಿ, 2016ರ ಜನವರಿಯಲ್ಲಿ ಒಂಬತ್ತು ಊರುಗಳಲ್ಲಿ ಸೇವೆಯನ್ನು ನಿಲ್ಲಿಸಿತು. ಆ ಪಟ್ಟಿಯಲ್ಲಿ ನಮ್ಮ ಮೈಸೂರೂ ಇತ್ತು. 2021ರಲ್ಲಿ ಸಾಮಾನನ್ನು ಹತ್ತೇ ನಿಮಿಷಗಳಲ್ಲಿ ತಲುಪಿಸುವ ಹೊಸ ಮಾದರಿಗೆ ಹೊರಳಿದಾಗ, ವಿತರಣೆಯ ಹುಡುಗರ ಪ್ರಾಣಕ್ಕೆ ಇದರಿಂದ ಅಪಾಯವೆಂಬ ಟೀಕೆ ಎದ್ದಿತು. ಸಂಸ್ಥಾಪಕ ಅಲ್ಬಿಂದರ್ ಧಿಂಡ್ಸಾ ಬಹಿರಂಗವಾಗಿ ಉತ್ತರ ನೀಡಿದರು: ಗೋದಾಮುಗಳನ್ನು ಮನೆಗಳ ಸಮೀಪದಲ್ಲೇ ತೆರೆದಿರುವುದರಿಂದ ಸಮಯ ಉಳಿಯುತ್ತದೆಯೇ ಹೊರತು ಗಾಡಿಯ ವೇಗದಿಂದಲ್ಲ ಎಂಬುದು ಅವರ ವಾದ. ಡಿಸೆಂಬರ್ 2021ರಲ್ಲಿ ಹೆಸರೂ ಬದಲಾಯಿತು.

ಮರುವರ್ಷ ಮಾರ್ಚಿಯಲ್ಲಿ ಜೊಮಾಟೊ ಸಹ ಹತ್ತು ನಿಮಿಷದಲ್ಲಿ ಊಟ ತಲುಪಿಸುವ ಯೋಜನೆಯನ್ನು ಪ್ರಕಟಿಸಿ ಇಂಥದೇ ಆಕ್ರೋಶಕ್ಕೆ ಗುರಿಯಾಯಿತು. ಈ ಸೇವೆಯು ನಿರ್ದಿಷ್ಟ ಸ್ಥಳಗಳಿಗೆ, ಬೇಗ ಸಿದ್ಧವಾಗುವ ಕೆಲವೇ ತಿನಿಸುಗಳಿಗೆ ಸೀಮಿತವೆಂದೂ, ತಡವಾದರೆ ವಿತರಕರಿಗೆ ದಂಡವಿಲ್ಲವೆಂದೂ ಗೋಯಲ್ ಅವರು ಘೋಷಣೆಯ ನಂತರ ವಿವರಿಸಬೇಕಾಯಿತು. ಮೊದಲ ದಿನವೇ ಹೇಳಬಹುದಾಗಿದ್ದ ಸಂಗತಿಯನ್ನು ಮರುದಿನ ಹೇಳಿದರೆ ಅದು ವಿವರಣೆಯೆನಿಸದೆ ಸಮಜಾಯಿಷಿಯೆನಿಸುತ್ತದೆ. 2022ರ ಜೂನಿನಲ್ಲಿ ಜೊಮಾಟೊ 4,447 ಕೋಟಿ ರೂಪಾಯಿಗಳ ಒಪ್ಪಂದದಲ್ಲಿ ಬ್ಲಿಂಕಿಟ್ಟನ್ನು ಕೊಂಡುಕೊಂಡಾಗಲೂ ಷೇರುದಾರರಲ್ಲಿ ಅನೇಕರು ಅತೃಪ್ತರಾದರು, ಷೇರಿನ ಬೆಲೆ ಕುಸಿಯಿತು. ಷೇರುದಾರರಿಗೆ ಬರೆದ ಪತ್ರಗಳಲ್ಲಿ ಪ್ರಶ್ನೋತ್ತರ ರೂಪದಲ್ಲಿ ಕಾರಣಗಳನ್ನು ಒಂದೊಂದಾಗಿ ಮುಂದಿಡುವ ಪದ್ಧತಿಯನ್ನು ಸಂಸ್ಥೆ ಅನುಸರಿಸುತ್ತ ಬಂದಿತು. ಕಾಲಾಂತರದಲ್ಲಿ ಆ ವ್ಯವಹಾರ ಬೆಳೆದು ಟೀಕಾಕಾರರ ದನಿ ತಗ್ಗಿತು.

ಆದರೆ ಹೂಡಿಕೆದಾರರಿಗೆ ಸಿಕ್ಕ ವಿವರಣೆಯ ಸೌಜನ್ಯ ದುಡಿಯುವವರಿಗೆ ಸಿಕ್ಕಿತೆ? 2023ರ ಏಪ್ರಿಲಿನಲ್ಲಿ ಬ್ಲಿಂಕಿಟ್ ತನ್ನ ವಿತರಕರ ಪಾವತಿಯ ಕ್ರಮವನ್ನು ಬದಲಿಸಿತು. ಒಂದು ವಿತರಣೆಗೆ 25 ರೂಪಾಯಿ ಇದ್ದ ಕನಿಷ್ಠ ಮೊತ್ತ 15 ರೂಪಾಯಿಗೆ ಇಳಿದು, ಉಳಿದದ್ದು ದೂರವನ್ನು ಅವಲಂಬಿಸಿತು. ವಿತರಕರು ಮುಷ್ಕರ ಹೂಡಿದರು. ದೆಹಲಿ ಸುತ್ತಮುತ್ತಲಿನ ಹಲವು ಗೋದಾಮುಗಳು ಮುಚ್ಚಿದವು. ಅಡಿಗೆಮನೆಯಲ್ಲಿ ಹಾಲಿಲ್ಲದೆ ಪರದಾಡಿದ ಗ್ರಾಹಕರಿಗೆ ಆಗಲೇ ಗೊತ್ತಾದದ್ದು, ಈ ವ್ಯವಸ್ಥೆಯ ಆಧಾರಸ್ತಂಭ ಯಾರೆಂದು. 2025ರ ಡಿಸೆಂಬರಿನ ಕೊನೆಯ ವಾರದಲ್ಲಿ ದೇಶದ ಹಲವೆಡೆ ಮತ್ತೆ ಮುಷ್ಕರಗಳು ನಡೆದವು. ಜನವರಿಯಲ್ಲಿ ಘೋಷವಾಕ್ಯ ಮರೆಯಾದುದರ ಹಿನ್ನೆಲೆ ಇದು.

ಇಲ್ಲಿ ಕರ್ನಾಟಕದ ಒಂದು ಹೆಜ್ಜೆಯನ್ನು ನೆನೆಯುವುದು ಉಚಿತ. ಇಂಥ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ರಾಜ್ಯವು 2025ರಲ್ಲಿ ಪ್ರತ್ಯೇಕ ಕಾಯಿದೆಯನ್ನು ಜಾರಿಗೆ ತಂದಿತು. ಕರಾರಿನ ಷರತ್ತುಗಳನ್ನು ಬದಲಿಸುವ ಮುನ್ನ ಕಾರ್ಮಿಕರಿಗೆ ಮುಂಚಿತವಾಗಿ ತಿಳಿಸಬೇಕೆಂಬುದು ಅದರ ಅಂಶಗಳಲ್ಲೊಂದು. ಉದ್ಯಮಿಯ ಒಳ್ಳೆಯತನಕ್ಕೆ ಬಿಟ್ಟಿದ್ದ ಮಾತು ಹೀಗೆ ಕಾನೂನಿನ ಕರ್ತವ್ಯವಾಯಿತು.

ಒಂದೇ ದಿನದಲ್ಲಿ ಮರಳಿದ ಹಸಿರು

2024ರ ಮಾರ್ಚ್ 19ರಂದು ಜೊಮಾಟೊ ಶುದ್ಧ ಸಸ್ಯಾಹಾರಿಗಳಿಗಾಗಿ ಪ್ರತ್ಯೇಕ ವಿತರಕ ಪಡೆಯನ್ನೂ ಅವರಿಗೆ ಹಸಿರು ಸಮವಸ್ತ್ರವನ್ನೂ ಘೋಷಿಸಿತು. ಸಸ್ಯಾಹಾರಿ ಕುಟುಂಬಗಳನೇಕಕ್ಕೆ ಇದು ಹಿತವೆನಿಸಿರಬಹುದು. ಆದರೆ ಕೆಂಪು ಅಂಗಿಯವರನ್ನೆಲ್ಲ ಮಾಂಸಾಹಾರ ತರುವವರೆಂದು ಗುರುತಿಸಿ ವಸತಿ ಸಮುಚ್ಚಯಗಳು ಗೇಟಿನಲ್ಲೇ ತಡೆಯಬಹುದೆಂಬ, ಬಾಡಿಗೆದಾರರು ಮನೆ ಮಾಲೀಕರ ಕೋಪಕ್ಕೆ ಗುರಿಯಾಗಬಹುದೆಂಬ ಆಕ್ಷೇಪಗಳು ಕೂಡಲೇ ಬಂದವು. ಮರುದಿನವೇ ಗೋಯಲ್ ಅವರು ಹಸಿರು ಸಮವಸ್ತ್ರವನ್ನು ಹಿಂತೆಗೆದುಕೊಂಡು, ಎಲ್ಲರೂ ಕೆಂಪು ಅಂಗಿಯನ್ನೇ ತೊಡುವರೆಂದು ತಿಳಿಸಿದರು; ಸೇವೆಯನ್ನು ಮಾತ್ರ ಉಳಿಸಿಕೊಂಡರು. ಹಠ ಹಿಡಿಯದೆ, ಯಾರ ಆತಂಕವನ್ನು ಮನ್ನಿಸಿ ಹಿಂದೆ ಸರಿದೆವೆಂಬುದನ್ನು ಸ್ಪಷ್ಟವಾಗಿ ಹೇಳಿದ್ದು ಶ್ಲಾಘನೀಯ. ಆ ಕೆಂಪು ಅಂಗಿಯ ಹುಡುಗರನ್ನು ಘೋಷಣೆಗೆ ಮುಂಚೆ ಕೇಳಿದ್ದರೆ ಹಿಂದೆ ಸರಿಯುವ ಪ್ರಸಂಗವೇ ಬರುತ್ತಿರಲಿಲ್ಲವೆಂಬುದೂ ಅಷ್ಟೇ ಸತ್ಯ.

ಮಾತು ಮುಗಿಯುವ ಎಲ್ಲೆ

ಪೇಟಿಎಂನದು ಬೇರೆಯೇ ಪಾಠ. ನೋಟು ರದ್ದತಿಯ ಮರುದಿನ, 2016ರ ನವೆಂಬರ್ 9ರಂದು, ಪ್ರಧಾನಿಯವರ ಭಾವಚಿತ್ರದೊಡನೆ ಪತ್ರಿಕೆಗಳಲ್ಲಿ ಜಾಹೀರಾತು ನೀಡಿ ಅದು ಇಡೀ ದೇಶದ ಕಣ್ಣಿಗೆ ಬಿದ್ದಿತು. ಅನುಮತಿಯಿಲ್ಲದೆ ಆ ಚಿತ್ರವನ್ನು ಬಳಸಿದ್ದಕ್ಕೆ ಮುಂದೆ ಸರ್ಕಾರದ ಕ್ಷಮೆ ಕೇಳಬೇಕಾಗಿ ಬಂತು. 2024ರ ಜನವರಿ 31ರಂದು ರಿಸರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ಕಠಿಣ ನಿರ್ಬಂಧ ಹೇರಿದಾಗ, ಆ್ಯಪ್ ಎಂದಿನಂತೆ ನಡೆಯುವುದೆಂದು ಸಂಸ್ಥಾಪಕ ವಿಜಯ್ ಶೇಖರ್ ಶರ್ಮಾ ಭರವಸೆಯಿತ್ತರು. ಆದರೆ ಜನಸಾಮಾನ್ಯರಿಗೆ ಬೇಕಾಗಿದ್ದುದು ವಾಲೆಟ್ಟಿನಲ್ಲಿರುವ ಹಣ, ಫಾಸ್ಟ್ಯಾಗು, ಅಂಗಡಿಯ ಕ್ಯೂಆರ್ ಕೋಡು ಏನಾಗುವುದೆಂಬ ನಿಖರ ಉತ್ತರ. ರಿಸರ್ವ್ ಬ್ಯಾಂಕು ಸ್ವತಃ ಪ್ರಶ್ನೋತ್ತರಗಳನ್ನು ಪ್ರಕಟಿಸಿ, ಗಡುವನ್ನು ಮಾರ್ಚ್ 15ರವರೆಗೆ ವಿಸ್ತರಿಸಿದ ಮೇಲೆಯೇ ಗೊಂದಲ ಇಳಿಯಿತು. ನಿಯಂತ್ರಕರೊಡನೆ ಸಂಬಂಧ ಕೆಟ್ಟಿರುವಾಗ ಜನರಿಗೆ ನೀಡುವ ಧೈರ್ಯದ ಮಾತು ಎರವಲು ನಾಣ್ಯವಿದ್ದಂತೆ. ಪೇಟಿಎಂ ಬಳಿಕ ಇತರ ಬ್ಯಾಂಕುಗಳ ಸಹಯೋಗದಲ್ಲಿ ಪಾವತಿ ಸೇವೆಯನ್ನು ಉಳಿಸಿಕೊಂಡಿತು. ಅದೇ ಆಗಸ್ಟಿನಲ್ಲಿ ಸಿನಿಮಾ ಟಿಕೇಟಿನ ವ್ಯವಹಾರವನ್ನು 2,048 ಕೋಟಿಗೆ ಜೊಮಾಟೊಗೆ ಮಾರಿ, ತನ್ನ ಮೂಲ ಕಸುಬಿಗೆ ಮರಳಿತು.

ಗುರುಗ್ರಾಮದ ಗೋಮೆಕ್ಯಾನಿಕ್ ಪ್ರಕರಣವಂತೂ ಸಂಪರ್ಕ ಕಲೆಯ ಮಿತಿಯನ್ನೇ ತೋರಿಸಿತು. ಲೆಕ್ಕಪತ್ರಗಳ ವರದಿಯಲ್ಲಿ ದೋಷಗಳಾಗಿವೆಯೆಂದು 2023ರ ಜನವರಿಯಲ್ಲಿ ಸಂಸ್ಥಾಪಕರ ಕಡೆಯಿಂದಲೇ ಬಹಿರಂಗ ಒಪ್ಪಿಗೆ ಬಂತು; ಸುಮಾರು ಶೇಕಡ 70ರಷ್ಟು ನೌಕರರನ್ನು ಬಿಡುವ ನಿರ್ಧಾರವೂ ಅದರೊಡನೆ ಬಂತು. ಹೂಡಿಕೆದಾರರು ತಾವು ತನಿಖೆಗೆ ಮುಂದಾಗಿರುವುದಾಗಿ ಹೇಳಿದರು. ಲೆಕ್ಕ ಸುಳ್ಳಾದ ಮೇಲೆ ಪತ್ರ ಎಷ್ಟು ವಿನಯದಿಂದಿದ್ದರೂ ಪ್ರಯೋಜನವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮಾವಳ್ಳಿಯ ಹಳೆಯ ಪಾಠ

ಈ ವಿದ್ಯೆಯನ್ನು ಕನ್ನಡಿಗರು ಅಮೆರಿಕದ ಪುಸ್ತಕಗಳಿಂದ ಕಲಿಯಬೇಕಾಗಿಲ್ಲ. 1924ರಲ್ಲಿ ಕರಾವಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತಷ್ಟೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿ-ತಿನಿಸುಗಳನ್ನು ತೀರ ಅಗ್ಗದ ದರದಲ್ಲಿ ಮಾರಬೇಕೆಂದು ಸರ್ಕಾರ ಕಟ್ಟುಮಾಡಿದಾಗ, ಮಯ್ಯ ಮನೆತನದವರು ತಿಂಡಿಯ ಗುಣಮಟ್ಟವನ್ನು ಇಳಿಸಲು ಒಪ್ಪಲಿಲ್ಲ. ದಿನದ ನಷ್ಟವೆಷ್ಟೆಂದು ಹೋಟೆಲಿನ ಮುಂದೆ ಫಲಕದಲ್ಲಿ ಬರೆಯಿಸಿದರೆಂಬುದನ್ನು ಬೆಂಗಳೂರಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಕೊನೆಗೆ ಹೋಟೆಲು ಮುಚ್ಚಿತು. ಮನೆತನವು ಸಿದ್ಧ ಮಿಶ್ರಣಗಳ ತಯಾರಿಕೆಯತ್ತ ಹೊರಳಿತು. ದೆಹಲಿಯ ನಮ್ಮ ಅಡಿಗೆಮನೆಗಳಲ್ಲಿ ಇಂದಿರುವ ರವೆ ಇಡ್ಲಿಯ ಪೊಟ್ಟಣದ ಮೂಲ ಆ ಹೊರಳುವಿಕೆಯಲ್ಲಿದೆ. ಗ್ರಾಹಕರು ಹೊಸ ಸರಕನ್ನು ನಂಬಿದ್ದೇಕೆ? ಹಳೆಯ ವ್ಯವಹಾರ ನಿಂತ ಕಾರಣವನ್ನು ಅವರು ಫಲಕದಲ್ಲಿ ಓದಿದ್ದರು. ತಮ್ಮ ತಟ್ಟೆಯ ರುಚಿ ಕೆಡಲಿಲ್ಲವೆಂಬುದನ್ನೂ ಬಲ್ಲವರಾಗಿದ್ದರು.

ನಮ್ಮ ಮಕ್ಕಳಿಗೊಂದು ಮಾತು

ಇಷ್ಟೆಲ್ಲವನ್ನು ಅವಲೋಕಿಸಿದಾಗ ಕೆಲವು ಸೂತ್ರಗಳು ತಾವಾಗಿಯೇ ಹೊರಹೊಮ್ಮುತ್ತವೆ. ದಾರಿ ಬದಲಿಸುವ ಸಂಸ್ಥಾಪಕನು ಸುದ್ದಿಯನ್ನು ಪತ್ರಿಕೆಗೆ ಕೊಡುವ ಮುನ್ನ, ಅದರಿಂದ ಅತಿ ಹೆಚ್ಚು ಪೆಟ್ಟು ತಿನ್ನುವವರಿಗೆ ಮುಟ್ಟಿಸಬೇಕು. ಕಂಪನಿಯು ಷೇರುಪೇಟೆಯಲ್ಲಿದ್ದರೆ, ಮಹತ್ವದ ಸಂಗತಿಗಳನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂಬ ಸೆಬಿ ನಿಯಮವನ್ನು ಮರೆಯಬಾರದು. ಏನು ನಿಲ್ಲುತ್ತದೆ, ಬಾಕಿ ಹಣ ಎಂದು ಸಿಗುತ್ತದೆ, ಯಾರ ಕೆಲಸ ಉಳಿಯುತ್ತದೆ ಎಂಬುದನ್ನು ದಿನಾಂಕ ಸಹಿತ ಹೇಳಬೇಕು. ಮುಂದಿನ ವರ್ಷ ನಡೆಸಿಕೊಡಲಾಗದ ಘೋಷವಾಕ್ಯವನ್ನು ಈ ವರ್ಷ ಗೋಡೆಯ ಮೇಲೆ ಬರೆಯಬಾರದು.

ಇಂಥ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರುವ ನಮ್ಮ ಯುವಕ-ಯುವತಿಯರು ಸಂಬಳ ಮತ್ತು ಷೇರಿನ ಆಮಿಷದ ಜೊತೆಗೆ ಇನ್ನೊಂದನ್ನೂ ವಿಚಾರಿಸಿಕೊಳ್ಳುವುದು ಲೇಸು: ಕಳೆದ ಸಲ ಕಂಪನಿಯು ದಿಕ್ಕು ಬದಲಿಸಿದಾಗ ಅಲ್ಲಿದ್ದ ನೌಕರರಿಗೆ ಸುದ್ದಿ ತಿಳಿದದ್ದು ಮೇಲಧಿಕಾರಿಯಿಂದಲೋ ಪತ್ರಿಕೆಯಿಂದಲೋ? ಉಳಿತಾಯ ಹೂಡುವ ಹಿರಿಯರು ಷೇರುದಾರರ ಪತ್ರದಲ್ಲಿ ಹೊಗಳಿಕೆಯ ಪುಟಗಳನ್ನು ದಾಟಿ, ಕೈಬಿಟ್ಟ ಯೋಜನೆಗಳ ಬಗ್ಗೆ ಏನು ಬರೆದಿದೆಯೆಂದು ನೋಡಬೇಕು. ಜೊಮಾಟೊ 2024ರ ಆಗಸ್ಟಿನಲ್ಲಿ ಊರಿಂದೂರಿಗೆ ತಿನಿಸು ತಲುಪಿಸುವ ‘ಲೆಜೆಂಡ್ಸ್’ ಸೇವೆಯನ್ನು ಮುಚ್ಚಿದಾಗ, ಅದು ಕೈಹಿಡಿಯಲಿಲ್ಲವೆಂದು ನೇರವಾಗಿ ಹೇಳಿ ಮುಗಿಸಿತು. ಅಂಥ ಚಿಕ್ಕ, ನೇರವಾದ ವಾಕ್ಯಗಳೇ ಹೂಡಿಕೆದಾರನಿಗೆ ಹೆಚ್ಚು ತಿಳಿಸಿಕೊಡುತ್ತವೆ.

ಉದ್ಯಮವು ದಾರಿ ಬದಲಿಸುವುದು ಕಾಲಧರ್ಮ. ಮೊದಲ ದಾರಿಯಲ್ಲಿ ಜೊತೆಗೂಡಿ ನಡೆದವರಿಗೆ ತಿರುವಿನಲ್ಲೇ ನಿಂತು ಕಾರಣ ಹೇಳುವುದು ಉದ್ಯಮಧರ್ಮ. ರಾಜಧಾನಿಯಲ್ಲಿ ನಾಳೆ ಸಂಸ್ಥೆಗಳನ್ನು ಕಟ್ಟಲಿರುವ ಕನ್ನಡದ ಮಕ್ಕಳು ಈ ಎರಡನ್ನೂ ಬಲ್ಲವರಾಗಲಿ ಎಂದು ನಾವು ಹಾರೈಸುತ್ತೇವೆ.