ಪಟ್ಟಿ ಬಂತು, ಸಭೆ ಬರಲಿಲ್ಲ

2020ರ ಏಪ್ರಿಲ್ ಮೊದಲ ವಾರ. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆ ಸೀಮೆಯ ಒಂದು ಊರು. ಊರಿನ ಹೆಸರು ಇಲ್ಲಿ ಬೇಡ, ಯಾಕೆಂದರೆ ಆಗ ಎಲ್ಲ ಊರುಗಳೂ ಹಾಗೇ ಇದ್ದವು. ತೋಟಗಳ ನಡುವಿನ ದಾರಿಗೆ ಮುಳ್ಳುಕಂಟಿ, ಕಲ್ಲು, ಒಣಗಿದ ತೆಂಗಿನ ಬೊಡ್ಡೆ ಅಡ್ಡ ಬಿದ್ದಿದ್ದವು. ತಿಪಟೂರಿನ ಕೊಬ್ಬರಿ ಹರಾಜು ನಿಂತು, ಅಟ್ಟದ ಮೇಲಿನ ಕಾಯಿ ಅಟ್ಟದಲ್ಲೇ ಉಳಿದಿತ್ತು. ಸಾವಿರ ಕಾಯಿಗೆ ಇಷ್ಟು ಎಂದು ಕೂಲಿ ಮಾತಾಡಿಕೊಂಡು ಕಾಯಿ ಸುಲಿಯುತ್ತಿದ್ದವರು ಮಚ್ಚು ಮೂಲೆಗಿಟ್ಟು ಮನೆಯ ಜಗಲಿಯಲ್ಲಿ ಕೂತಿದ್ದರು.

ಅಂಥ ಒಂದು ಮಧ್ಯಾಹ್ನ ಸಾಬರ ಬೀದಿಗೆ ಆಶಾ ಕಾರ್ಯಕರ್ತೆಯೊಬ್ಬರು ಬಂದರು. ಮೂಗಿಗೆ ಸೆರಗು, ಕೈಯಲ್ಲಿ ಒಂದು ಹಾಳೆ. ಹಾಳೆಯ ತುಂಬ ಹೆಸರುಗಳು. ದೆಹಲಿಗೆ ಹೋಗಿ ಬಂದವರು ಯಾರು, ಅವರನ್ನು ಮುಟ್ಟಿದವರು ಯಾರು ಎಂದು ಕೇಳಿ ಬರೆದುಕೊಳ್ಳಬೇಕಿತ್ತು. ಪಟ್ಟಿಯಲ್ಲಿದ್ದ ಒಬ್ಬರು ಮಣ್ಣಾಗಿ ಮೂರು ವರ್ಷವಾಗಿತ್ತು. ಇನ್ನೊಬ್ಬಾಕೆ ತಿಪಟೂರಿನಿಂದ ಆಚೆ ಕಾಲಿಟ್ಟವಳಲ್ಲ. ಜಗಲಿಯ ಮೇಲಿದ್ದ ಮುದುಕರು, "ಬಿಸ್ಲಲ್ ಬಂದಿದೀಯ, ಕೂತ್ಕಳವ್ವ, ನೀರ್ ಕುಡಿ. ಈ ಪಟ್ಟಿ ಬರೆದೋರು ಯಾರು?" ಎಂದರು. ಆಕೆ ತಲೆ ತಗ್ಗಿಸಿ, "ನಂಗೊತ್ತಿಲ್ಲ ಸಾಬ್ರೇ, ಮೇಲಿಂದ ಬಂದಿದ್ದು. ನಾನೇನ್ ಮಾಡ್ಲಿ?" ಎಂದರು.

ಅದೇ ವಾರ ಅದೇ ಊರಿನ ತೋಟದ ಮನೆಗಳಿಗೆ ಬೆಂಗಳೂರಿನಿಂದ ಏಳೆಂಟು ಹುಡುಗರು ರಾತ್ರೋರಾತ್ರಿ ಬೈಕಿನಲ್ಲಿ ಬಂದು ಸೇರಿಕೊಂಡಿದ್ದರು. ಅದು ಊರಿಗೆಲ್ಲ ಗೊತ್ತಿತ್ತು. ಆ ಆಶಾ ತಾಯಿಗೂ ಗೊತ್ತಿತ್ತು. ಆದರೆ ಅವರ ಹೆಸರು ಹಾಳೆಯಲ್ಲಿರಲಿಲ್ಲ, ಆದ್ದರಿಂದ ಯಾರೂ ಕೇಳಲಿಲ್ಲ.

ಈ ಪ್ರಸಂಗವನ್ನು ನಾನು ಮುಸ್ಲಿಮರಿಗಾದ ಅವಮಾನದ ಕತೆಯಾಗಿ ಮಾತ್ರ ಹೇಳುತ್ತಿಲ್ಲ. ಅವಮಾನವಾಗಿದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ತಪ್ಪೊಂದು ಇಲ್ಲಿದೆ. ರೋಗ ಹುಡುಕಲು ಹೊರಟ ಸರ್ಕಾರ ರೋಗ ಬರಬಹುದಾದ ಮನೆಯನ್ನು ಬಿಟ್ಟು ಬರಲಾರದ ಮನೆಯ ಬಾಗಿಲು ತಟ್ಟಿತು. ಊರಿನಲ್ಲಿ ಹತ್ತು ಜನರನ್ನು ಒಂದು ಕಡೆ ಕೂರಿಸಿ, ದೂರ ದೂರವೇ ಕೂರಿಸಿ, ಒಂದು ಗಂಟೆ ಮಾತಾಡಿಸಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಪಟ್ಟಿ ಬಂತು, ಸಭೆ ಬರಲಿಲ್ಲ. ಮಹಾಮಾರಿಯ ಕಾಲದಲ್ಲಿ ನಮ್ಮ ಸ್ಥಳೀಯ ಆಡಳಿತ ನಡೆದ ರೀತಿಯೆಲ್ಲ ಈ ಒಂದು ಮಾತಿನಲ್ಲಿದೆ.

ಕಾಗದದ ಮೇಲೆ ಎಲ್ಲವೂ ಇತ್ತು ಎನ್ನುವುದು ನಮ್ಮ ದೇಶದ ವಿಶೇಷ. ಪ್ರತಿ ಗ್ರಾಮ ಪಂಚಾಯಿತಿಗೆ ಒಂದು ಕಾರ್ಯಪಡೆ, ಅಧ್ಯಕ್ಷರೇ ಅದರ ಮುಖ್ಯಸ್ಥರು, ಪಿಡಿಒ ಸದಸ್ಯ ಕಾರ್ಯದರ್ಶಿ. ಜೊತೆಗೆ ಆಶಾ, ಅಂಗನವಾಡಿ ಕಾರ್ಯಕರ್ತೆ, ಗ್ರಾಮಲೆಕ್ಕಿಗ. ಹಳ್ಳಿಗಳಲ್ಲಿ ಇದಕ್ಕೂ ಮೊದಲೇ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದೊಂದು ಇದ್ದೇ ಇತ್ತು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆ, ವಾರ್ಡ್ ಸಭೆಗಳಿವೆ. ಇಷ್ಟೆಲ್ಲ ಇದ್ದೂ ಆದೇಶ ಬಂದ ದಾರಿ ಬೇರೆ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, 2005ರ ವಿಪತ್ತು ನಿರ್ವಹಣಾ ಕಾಯ್ದೆ. ಮೊದಲನೆಯದನ್ನು ಬ್ರಿಟಿಷರು ಮುಂಬಯಿಯ ಪ್ಲೇಗಿಗೆ ಹೆದರಿ ಮಾಡಿದ್ದು. ಅದರಲ್ಲಿ ಅಧಿಕಾರಿಗೆ ಅಧಿಕಾರವಿದೆ, ಪ್ರಜೆಗೆ ಶಿಕ್ಷೆಯಿದೆ, ಸಭೆ ಎಂಬ ಮಾತೇ ಇಲ್ಲ. ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಸೀಲ್ದಾರರಿಗೆ, ಕೊನೆಗೆ ವಾಟ್ಸಾಪಿನಲ್ಲಿ ಪಿಡಿಒ ಫೋನಿಗೆ. ಅಲ್ಲಿಂದ ಮುಂದೆ ನೀರುಗಂಟಿಯ ತಮಟೆಗೆ.

ಇನ್ನೂ ಒಂದು ವಿಪರೀತವಿದೆ. ಸೋಂಕು ಪಟ್ಟಣ ಬಿಟ್ಟು ಹಳ್ಳಿಗೆ ಇಳಿಯುವ ಹೊತ್ತಿಗೆ, 2020ರ ನಡುವಿನಲ್ಲಿ, ಗ್ರಾಮ ಪಂಚಾಯಿತಿಗಳ ಅವಧಿಯೇ ಮುಗಿಯಿತು. ಚುನಾವಣೆ ಮುಂದೆ ಹೋಯಿತು. ಸದಸ್ಯರ ಜಾಗಕ್ಕೆ ಆಡಳಿತಾಧಿಕಾರಿಗಳು ಬಂದರು. ಬಾಗಿಲಿಗೆ ಹೋಗಿ ಬೈಯಬಹುದಾಗಿದ್ದ ಮೆಂಬರೂ ಇಲ್ಲದಂತಾಯಿತು. ಚುನಾವಣೆ ನಡೆದಿದ್ದು ಡಿಸೆಂಬರ್ 22 ಮತ್ತು 27ರಂದು. ಗೆದ್ದವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮುನ್ನವೇ ಎರಡನೆಯ ಅಲೆ ಬಂತು. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ ಐವತ್ತು ಸಾವಿರಕ್ಕೂ ಮೀರಿ ಹೊಸ ಪ್ರಕರಣಗಳು. ಆ ತಿಂಗಳು ಸರ್ಕಾರ ಕಾರ್ಯಪಡೆಗಳಿಗೆಂದು ಪಂಚಾಯಿತಿಗೆ ತಲಾ 50 ಸಾವಿರ ರೂಪಾಯಿ ಮುಂಗಡ ಘೋಷಿಸಿತು. ಹತ್ತಾರು ಹಳ್ಳಿಗಳ ಒಂದು ಪಂಚಾಯಿತಿಗೆ ಐವತ್ತು ಸಾವಿರ! ಅದೇ ವರ್ಷ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿಯೂ ಮುಗಿಯಿತು. ನಾಲ್ಕು ವರ್ಷ ಕಳೆದರೂ ಅವಕ್ಕೆ ಚುನಾವಣೆ ನಡೆಯಲಿಲ್ಲ. ಜನರ ಸಭೆಯಿಲ್ಲದೆ ರಾಜ್ಯ ನಡೆಸುವ ರುಚಿ ಒಮ್ಮೆ ಹತ್ತಿದರೆ ಬಿಡುವುದು ಕಷ್ಟ.

ಸಭೆಯಿಲ್ಲದ ಕಡೆ ಪಟ್ಟಿಗೆ ಬಲ ಬರುತ್ತದೆ. 2020ರ ಮಾರ್ಚಿನಲ್ಲಿ ವಿದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳನ್ನು ನಮ್ಮ ಸರ್ಕಾರವೇ ಬಹಿರಂಗ ಮಾಡಿತು. ಆಮೇಲೆ ಬಾಗಿಲಿಗೆ ಅಂಟಿಸುವ ಚೀಟಿಗಳು ಬಂದವು. ಹಾಗೆ ಅಂಟಿಸಬೇಕಾಗಿಲ್ಲ, ಸಂಬಂಧಪಟ್ಟ ಪ್ರಾಧಿಕಾರದ ನಿರ್ದಿಷ್ಟ ಆದೇಶವಿದ್ದರೆ ಮಾತ್ರ ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ನಡುವೆ ನಿಜಾಮುದ್ದೀನಿನ ಪಟ್ಟಿ. ಅದರ ಬೆನ್ನಿಗೇ ಟಿವಿಗಳ ಕೂಗು, ಸಾಬರ ತರಕಾರಿ ಗಾಡಿ ಊರೊಳಗೆ ಬರಬಾರದೆಂಬ ಫರ್ಮಾನು. ಮುಸ್ಲಿಮರ ವಿರುದ್ಧ ಯಾರೂ ಮಾತಾಡಕೂಡದು ಎಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಏಪ್ರಿಲಿನಲ್ಲಿ ಬಹಿರಂಗವಾಗಿ ಎಚ್ಚರಿಸಿದ್ದನ್ನು ಮರೆಯಬಾರದು. ಅದೇ ವರ್ಷ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಲಾಯಿತೆಂದು ಹೇಳಿತು. ದೆಹಲಿಯಲ್ಲಿ ಅವರಿಗೆ ಆಶ್ರಯ ಕೊಟ್ಟರೆಂದು ಆರೋಪ ಹೊತ್ತಿದ್ದ 70 ಮಂದಿ ಭಾರತೀಯರ ಮೇಲಿನ ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ತೆಗೆದುಹಾಕಿದ್ದು 2025ರ ಜುಲೈನಲ್ಲಿ. ಐದು ವರ್ಷ! ಕೂಗಿದವರಲ್ಲಿ ಎಷ್ಟು ಮಂದಿ ಅದೇ ದನಿಯಲ್ಲಿ ಈ ಸುದ್ದಿಯನ್ನು ಕೂಗಿದರು?

2021ರ ಮೇ 4ರಂದು ಬೆಂಗಳೂರು ದಕ್ಷಿಣದ ವಾರ್ ರೂಮಿನಲ್ಲಿ ನಡೆದದ್ದನ್ನೂ ಈ ಸಾಲಿನಲ್ಲೇ ಇಡಬೇಕು. ಇನ್ನೂರರಷ್ಟು ಮಂದಿ ದುಡಿಯುತ್ತಿದ್ದ ಜಾಗದಲ್ಲಿ ಸಂಸದ ತೇಜಸ್ವಿ ಸೂರ್ಯ ಆರಿಸಿ ಓದಿದ್ದು ಹದಿನಾರು-ಹದಿನೇಳು ಮುಸ್ಲಿಂ ಹೆಸರುಗಳನ್ನು. ಹಾಸಿಗೆ ದಂಧೆಯಲ್ಲಿ ಆ ಹುಡುಗರ ಕೈವಾಡ ಪೊಲೀಸ್ ತನಿಖೆಯಲ್ಲಿ ಸಾಬೀತಾಗಲಿಲ್ಲ. ಆದರೆ ರಾಜ್ಯದಲ್ಲಿ ಜನ ಆಮ್ಲಜನಕವಿಲ್ಲದೆ ಸಾಯುತ್ತಿದ್ದ ದಿನ, ಫೋನ್ ಎತ್ತಬೇಕಾದ ಕೈಗಳನ್ನು ಮನೆಗೆ ಕಳಿಸಲಾಯಿತು. ಅದಕ್ಕೆ ಎರಡು ದಿನ ಮೊದಲಷ್ಟೇ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿತ್ತು. ಮೊದಲ ಲೆಕ್ಕದಲ್ಲಿ ಸತ್ತವರು 24 ಮಂದಿ. ಹೈಕೋರ್ಟ್ ನೇಮಿಸಿದ ಸಮಿತಿಯ ಲೆಕ್ಕ ಅದಕ್ಕಿಂತ ಹೆಚ್ಚು. ಸಿಲಿಂಡರ್ ಕೊಡಲಿಲ್ಲ, ಕೇಳಲಿಲ್ಲ ಎಂದು ಅಕ್ಕಪಕ್ಕದ ಎರಡು ಜಿಲ್ಲೆಗಳ ಆಡಳಿತಗಳು ಒಂದನ್ನೊಂದು ದೂರಿದವು. ಮೇಲಿನವರೇ ತಮ್ಮತಮ್ಮಲ್ಲಿ ಮಾತಾಡದ ಮೇಲೆ ಕೆಳಗಿನವರೊಡನೆ ಏನು ಮಾತಾಡಿಯಾರು?

"ಬೆಂಕಿ ಬಿದ್ದಾಗ ಮೀಟಿಂಗ್ ಮಾಡ್ತಾ ಕೂರೋಕಾಗುತ್ತೇನ್ರೀ?" ಎಂದು ಅಧಿಕಾರಿ ಮಿತ್ರರೊಬ್ಬರು ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹದಿಮೂರೂಮುಕ್ಕಾಲು ಶತಮಾನದ ಹಿಂದೆಯೇ ಸಿಕ್ಕಿದೆ. ಹಜ್ರತ್ ಉಮರ್ ಶಾಮಿನ ಕಡೆ ಹೊರಟಿದ್ದರು. ಸರ್ಗ್ ಎಂಬಲ್ಲಿಗೆ ಬಂದಾಗ ಮುಂದೆ ಪ್ಲೇಗ್ ಇದೆಯೆಂದು ತಿಳಿಯಿತು. ಅವರು ಖಲೀಫ. ಒಂದು ಹುಕುಂ ಹೊರಡಿಸಿದ್ದರೆ ಸಾಕಿತ್ತು. ಆದರೆ ಮೊದಲು ಮುಹಾಜಿರರನ್ನು ಕರೆದು ಕೇಳಿದರು, ಅವರಲ್ಲಿ ಒಮ್ಮತವಿರಲಿಲ್ಲ. ಅನ್ಸಾರರನ್ನು ಕೇಳಿದರು, ಅಲ್ಲೂ ಇರಲಿಲ್ಲ. ಕುರೈಶರ ಹಿರಿಯರನ್ನು ಕೇಳಿದರು, ಅವರು ಹಿಂದಿರುಗೋಣವೆಂದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೆ ಎಂದು ಅಬೂ ಉಬೈದಾ ಎದುರು ಪ್ರಶ್ನೆ ಹಾಕಿದಾಗ ಅವರ ಬಾಯಿ ಮುಚ್ಚಿಸಲಿಲ್ಲ, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಗೆ ಹೋಗುತ್ತಿದ್ದೇವೆ ಎಂದು ಉತ್ತರ ಕೊಟ್ಟರು. ಕೊನೆಗೆ ಎಲ್ಲಿಗೋ ಹೋಗಿದ್ದ ಅಬ್ದುರ್ರಹ್ಮಾನ್ ಬಿನ್ ಔಫ್ ಬಂದು, ರೋಗವಿದ್ದ ನಾಡಿಗೆ ಹೋಗಬೇಡಿ, ನೀವಿದ್ದ ನಾಡಿನಲ್ಲಿ ಬಂದರೆ ಬಿಟ್ಟು ಓಡಬೇಡಿ ಎಂಬ ಪ್ರವಾದಿಯವರ ಮಾತನ್ನು ತಿಳಿಸಿದರು. ಬೇಕಾಗಿದ್ದ ತಿಳಿವಳಿಕೆ ಸಭೆಯ ಕಟ್ಟಕಡೆಗೆ ಬಂದವನ ಬಳಿ ಇತ್ತು! ಮಶ್ವರಾ ಎಂದರೆ ಇದು. ಅದರಿಂದ ವೇಳೆ ಹಾಳಾಗಲಿಲ್ಲ, ಮರುದಿನ ಬೆಳಿಗ್ಗೆ ದಂಡು ಹಿಂದಿರುಗಿತು.

ನಮ್ಮ ನೆಲದ ನೆನಪೂ ಇದಕ್ಕೆ ದೂರವಿಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದ ಮೇಲೆ ಹಳೇ ಮೈಸೂರಿನ ಹಳ್ಳಿಗಳಿಗೆ ಊರು ಬಿಡುವುದು ಅಭ್ಯಾಸವಾಯಿತು. ಇಲಿ ಸತ್ತು ಬಿದ್ದರೆ ಊರಿಗೆ ಊರೇ ಹೊಲ ತೋಟಗಳಲ್ಲಿ ಸೋಗೆ ಗುಡಿಸಲು ಹಾಕಿಕೊಳ್ಳುತ್ತಿತ್ತು. ಆ ಗುಡಿಸಲುಗಳ ಸಾಲಿನಲ್ಲೂ ಜಾತಿಯ ಅಂತರವಿತ್ತು, ಅದನ್ನು ವೈಭವೀಕರಿಸಲಾರೆ. ಆದರೆ ಊರು ಬಿಡಬೇಕೋ ಬೇಡವೋ ಎಂದು ಊರು ಕೂತು ಮಾತಾಡುತ್ತಿತ್ತು. ಕೋವಿಡ್ ಕಾಲದಲ್ಲೂ ಪಕ್ಕದ ಕೇರಳ ಸ್ಥಳೀಯ ಸಂಸ್ಥೆಗಳ ಮೂಲಕ ಸಮುದಾಯ ಅಡುಗೆಮನೆಗಳನ್ನು ನಡೆಸಿತು. ಕುಟುಂಬಶ್ರೀ ಹೆಂಗಸರು ಒಲೆ ಹಚ್ಚಿದರು. ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂಬುದು ತಹಸೀಲ್ದಾರರಿಗೆ ಗೊತ್ತಾಗುವ ಸಂಗತಿಯಲ್ಲ, ಪಕ್ಕದ ಮನೆಯ ಹೆಂಗಸಿಗೆ ಗೊತ್ತಾಗುವ ಸಂಗತಿ.

ಆ ಹೆಂಗಸನ್ನು ನಾವು ಹೇಗೆ ನಡೆಸಿಕೊಂಡೆವು? ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು. ತಟ್ಟೆ ಬಡಿದು ಗೌರವಿಸಿದೆವು, ಹೂ ಎರಚಿದೆವು. ತಿಂಗಳಿಗೆ 12 ಸಾವಿರ ರೂಪಾಯಿ ಖಾತ್ರಿ ಗೌರವಧನ ಕೊಡಿ ಎಂದು 2020ರ ಜುಲೈ 10ರಿಂದ ಅವರು ಮುಷ್ಕರಕ್ಕೆ ಇಳಿಯಬೇಕಾಯಿತು. ಕಾರ್ಯಪಡೆಯ ಪಟ್ಟಿಯಲ್ಲಿ ಅವರ ಹೆಸರಿತ್ತು. ಆದರೆ ಅವರಿಗೆ ಗೊತ್ತಿದ್ದನ್ನು ಯಾರು ಕೇಳಿದರು? ಅವರ ಕಾಲು ಬೇಕಿತ್ತು, ಬಾಯಿ ಬೇಕಿರಲಿಲ್ಲ.

ಇಷ್ಟು ಹೇಳಿ ನಮ್ಮ ಕಡೆಗೆ ನೋಡಿಕೊಳ್ಳದಿದ್ದರೆ ಇದು ಅರ್ಧ ಸತ್ಯವಾದೀತು. 2020ರ ಏಪ್ರಿಲ್ 2ರಂದು ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ ಮಾಹಿತಿ ಕೇಳಲು ಬಂದ ಆಶಾ ಕಾರ್ಯಕರ್ತೆಯ ಮೇಲೆ ಕೈಮಾಡಿದವರು ನಮ್ಮವರು. ಅದಕ್ಕೆ ಎನ್‌ಆರ್‌ಸಿ ಭಯದ ಕಾರಣ ಕೊಡಬಹುದು, ಸಮರ್ಥನೆ ಕೊಡಲಾಗದು. ಜಮಾತಿನ ನಮಾಜು ನಿಲ್ಲಿಸಿ ಎಂದು ವಕ್ಫ್ ಮಂಡಳಿ ಹೇಳಿದ ಮೇಲೂ ಕದ ಮುಚ್ಚಿಕೊಂಡು ಸಾಲು ನಿಂತವರು ನಮ್ಮಲ್ಲಿದ್ದರು. ನಮ್ಮ ಮಸೀದಿ ಕಮಿಟಿಗಳಲ್ಲಿ ಒಬ್ಬ ಹೆಂಗಸಾದರೂ ಇದ್ದಾಳೆಯೆ? ಬೀಡಿ ಕಟ್ಟುವ, ಕೊಬ್ಬರಿ ಆರಿಸುವ ಹೆಂಗಸಿಗೆ ಯಾವ ಮನೆಯಲ್ಲಿ ಕೆಮ್ಮಿದೆ, ಯಾವ ಮನೆಯಲ್ಲಿ ಅಕ್ಕಿಯಿಲ್ಲ ಎಂದು ಗೊತ್ತು. ಮುತವಲ್ಲಿ ಸಾಹೇಬರು ಆಕೆಯನ್ನು ಎಂದಾದರೂ ಮಶ್ವರಾಕ್ಕೆ ಕರೆದರೆ? ನಾವು ಹಂಚಿದ ರೇಷನ್ ಕಿಟ್ಟಿಗೂ ಮೊದಲು ಒಂದು ಪಟ್ಟಿಯೇ ತಯಾರಾಗಿದ್ದು, ಸಭೆಯಲ್ಲ. ಆ ಪಟ್ಟಿಯಲ್ಲಿ ಬೀದಿಯ ಕೊನೆಯ ದಲಿತರ ಮನೆಗಳು ಎಷ್ಟೋ ಕಡೆ ತಡವಾಗಿ ಸೇರಿದವು.

ಆಮೇಲೆ ಕಾಲ ಬದಲಾಯಿತು. ಬಳ್ಳಾರಿಯಲ್ಲಿ ಹೆಣಗಳನ್ನು ಗುಂಡಿಗೆ ಎಸೆದ ದೃಶ್ಯ 2020ರ ಜೂನ್ ಕೊನೆಯಲ್ಲಿ ಹೊರಬಂದು ಜಿಲ್ಲಾಡಳಿತ ಕ್ಷಮೆ ಕೇಳಿತು. ಎರಡನೆಯ ಅಲೆಯಲ್ಲಿ ಸ್ವಂತ ಮಕ್ಕಳೂ ಹತ್ತಿರ ಬಾರದಿದ್ದಾಗ ಜಾತಿ ಧರ್ಮ ನೋಡದೆ ಹೆಣ ಹೊತ್ತು, ಅವರವರ ಪದ್ಧತಿಯಂತೆ ಸುಟ್ಟ, ಹೂಳಿದ ತಂಡಗಳಲ್ಲಿ ನಮ್ಮ ಹುಡುಗರು ಬಹಳ ಮಂದಿ ಇದ್ದರು. ಲಸಿಕೆಗೆ ಜನ ಹೆದರಿದಾಗ ಮಸೀದಿಯ ಮೈಕಿನಿಂದಲೂ ಕೂಗಿಸಿದರು. ನಾನು ಕೇಳುವುದಿಷ್ಟೇ: ಹೆಣ ಹೊರುವಾಗ ಬೇಕಾದ ಹೆಗಲು, ಬದುಕಿಸುವ ಉಪಾಯ ಹುಡುಕುವ ಸಭೆಯಲ್ಲಿ ಯಾಕೆ ಬೇಡವಾಗಿತ್ತು?

ಕೋವಿಡ್ ಖರೀದಿಗಳಲ್ಲಿ ನಡೆದ ಅವ್ಯವಹಾರದ ತನಿಖೆಗೆ 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ ನೇಮಕವಾಯಿತು, ಮರುವರ್ಷ ಮಧ್ಯಂತರ ವರದಿಯೂ ಬಂತು. ಒಳ್ಳೆಯದು, ತಿಂದವರು ಕಕ್ಕಲಿ. ಆದರೆ ಊರೂರಿನ ಕಾರ್ಯಪಡೆ ಎಷ್ಟು ಸಲ ಕೂತಿತು, ಯಾರು ಬಂದರು, ಯಾರ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದರು ಎಂದು ಕೇಳುವ ಆಯೋಗ ಇಲ್ಲ. ಅದನ್ನು ಗ್ರಾಮಸಭೆಯೇ ಕೇಳಬೇಕು. ಮುಂದಿನ ಗ್ರಾಮಸಭೆಯಲ್ಲಿ ಮನೆ, ಚರಂಡಿ, ಬೀದಿದೀಪದ ಅರ್ಜಿಗಳ ಜೊತೆ ಇದನ್ನೂ ಕೇಳಿ. 2020-21ರ ಕಾರ್ಯಪಡೆಯ ನಡಾವಳಿ ಓದಿಸಿ. ಖಾಲಿ ಪುಸ್ತಕವಿದ್ದರೆ ಖಾಲಿ ಎಂದು ಬರೆಸಿ. ಮುಂದೆ ರೋಗ ಬಂದಾಗ ಬೀದಿಗೆ ಒಬ್ಬರಂತೆ, ಅರ್ಧ ಹೆಂಗಸರಿರುವಂತೆ ಸಮಿತಿಯನ್ನು ಈಗಲೇ ಗೊತ್ತುಮಾಡಿ. ರೋಗಿಗಳ ಹೆಸರು ಗುಟ್ಟಾಗಿರಲಿ, ಹಂಚಿದ ಅಕ್ಕಿಯ ಲೆಕ್ಕ ಪಂಚಾಯಿತಿ ಗೋಡೆಯ ಮೇಲಿರಲಿ. ನಮ್ಮವರು ನಡೆದದ್ದು ಇದಕ್ಕೆ ಸರಿಯಾಗಿ ಉಲ್ಟಾ.

ಜಗಲಿಯ ಮೇಲಿದ್ದ ಆ ಮುದುಕರು ಈಗಿಲ್ಲ. ಅವರು ರೋಗದಿಂದ ಹೋದವರಲ್ಲ, ವಯಸ್ಸಾಗಿ ಹೋದರು. ಅಂದು ನೀರು ಕುಡಿದು ಎದ್ದ ಆಶಾ ತಾಯಿಗೆ ಅವರು ಹೇಳಿದ ಕೊನೆಯ ಮಾತು ಹೀಗಿತ್ತು: "ಆ ಹಾಳೆ ಹಿಂದ್ಗಡೆ ಖಾಲಿ ಐತಲ್ಲವ್ವ. ನಿಂಗೊತ್ತಿರೋದನ್ನ ಅಲ್ಲಿ ಬರ್ಕಂಡೋಗು." ಆಕೆ ನಕ್ಕು ಹೊರಟರು. ಹಾಳೆಯ ಹಿಂಬದಿ ಖಾಲಿಯಾಗಿಯೇ ತಾಲ್ಲೂಕು ಕಚೇರಿಗೆ ಹೋಯಿತು.