ಊದಬೇಡಿ ಕಣ್ರೋ, ಧೂಳು ಎಲ್ಲಿಗೂ ಹೋಗಲ್ಲ

1/5
ಕಪ್ಪು ಮರ ಉಜ್ಜೋದು, ಉಫ್ ಅಂತ ಊದೋದು, ಸ್ಲೋ ಮೋಷನ್‌ನಲ್ಲಿ ಪುಡಿ ಹಾರೋದು, ಹಿಂದೆ ಒಂದು ಬಿಜಿಎಂ. ಇಂಥ ರೀಲ್ ನೀವೆಲ್ಲಾ ನೋಡಿದ್ದೀರಿ, ಲೈಕೂ ಒತ್ತಿದ್ದೀರಿ. ನನ್ನ ತಕರಾರು ಆ "ಉಫ್" ಮೇಲೆ. ಅದು ಕ್ಲೀನ್ ಮಾಡೋದಲ್ಲ, ಧೂಳಿನ ಜಾಗ ಬದಲಾಯಿಸೋದು ಅಷ್ಟೇ.

2/5
ಗಿಟಾರ್ ತಗೊಳ್ಳಿ. ಮುಂದಿನ ಹಲಗೆಗೆ ಹೆಚ್ಚಾಗಿ ಸ್ಪ್ರೂಸ್ ಮರ ಹಾಕ್ತಾರೆ, ಬಿಳಿ, ಮೆತ್ತಗಿರುತ್ತೆ. ಅಂಚಿಗೆ, ಬೆರಳಾಡಿಸೋ ಪಟ್ಟಿಗೆ ಬೀಟೆ ಅಥವಾ ಎಬೊನಿ. ಎರಡನ್ನೂ ಒಟ್ಟಿಗೆ ಉಜ್ಜಿದರೆ ಕರಿ ಪುಡಿ ಬಿಳಿ ಮರದ ಗೆರೆಗಳೊಳಗೆ ಕೂರುತ್ತೆ. ನಮ್ಮ ಮೈಸೂರಿನ ಬೀಟೆ ಮರದ ಇನ್ಲೇ ಕೆಲಸದಲ್ಲೂ ಇದೇ ತಲೆನೋವು. ಕಪ್ಪು ಹಲಗೆಯೊಳಗೆ ತಿಳಿ ಮರದ ತುಣುಕು ಕೂರಿಸಿ, ಎರಡನ್ನೂ ಒಂದೇ ಮಟ್ಟಕ್ಕೆ ತರಬೇಕು.

ಊದಿದರೆ ಮೇಲಿನ ಪುಡಿ ಹಾರುತ್ತೆ, ಒಳಗಿನದು ಹಾಗೇ ಇರುತ್ತೆ. ಅಂಗೈಯಲ್ಲಿ ಒರೆಸಿದರೆ ಇನ್ನೂ ಒಳಗೆ ಒತ್ತಿದ ಹಾಗೆ. ಸ್ಪಿರಿಟ್ ಬಟ್ಟೆ ಹಾಕಿದಿರೋ, ಮುಗೀತು: ಬೀಟೆಯ ಬಣ್ಣ ಸ್ಪಿರಿಟ್‌ನಲ್ಲಿ ಕರಗಿ ಬಿಳಿ ಮರಕ್ಕೆ ಹರಿಯುತ್ತೆ. ಆ ಕಲೆ ತೆಗೆಯೋಕೆ ಮತ್ತೆ ಉಜ್ಜಬೇಕು. ಹಲಗೆಯ ದಪ್ಪ ಇರೋದೇ ಸುಮಾರು 3 ಮಿ.ಮೀ., ಎಷ್ಟು ಅಂತ ಉಜ್ತೀರಾ?

3/5
ಹಾಗಾದ್ರೆ ಏನು ಮಾಡ್ಬೇಕು? ಧೂಳು ಕೂತ ಮೇಲೆ ಅಲ್ಲ, ಕೂರೋ ಮೊದಲೇ ಮಾಡ್ಬೇಕು.
• ಬಿಳಿ ಮರಕ್ಕೆ ಮಾತ್ರ ತೆಳುವಾಗಿ ಶೆಲಾಕ್, ಅಂದ್ರೆ ಅರಗಿನ ಒಂದು ಕೋಟ್. ಬ್ರಷ್ ಕಪ್ಪು ಮರಕ್ಕೆ ತಾಗಬಾರದು.
• ಆದಷ್ಟೂ ಸ್ಯಾಂಡ್‌ಪೇಪರ್ ಬಿಟ್ಟು ಸ್ಕ್ರೇಪರ್ ಹಿಡಿಯಿರಿ. ಅದು ತೆಳು ಸಿಪ್ಪೆ ಎಬ್ಬಿಸುತ್ತೆ, ಪುಡಿ ಕಡಿಮೆ.
• ಉಜ್ಜಲೇಬೇಕು ಅಂದ್ರೆ ಪಕ್ಕದಲ್ಲೇ ವ್ಯಾಕ್ಯೂಮ್ ಓಡ್ತಿರಲಿ.

4/5
"ಕಲ್ಲಿನ ಊರಲ್ಲಿ ಕೂತು ಗಿಟಾರ್ ಮಾತ್ಯಾಕೋ?" ಅಂತೀರಾ. ಶಿವಾರಪಟ್ಟಣದಲ್ಲಿ ಯಾರಿಗೆ ಗೊತ್ತಿಲ್ಲ ಧೂಳು? ವಿಗ್ರಹದ ಶೆಡ್ ಪಕ್ಕ ಹಾದು ಹೋದರೆ ತಲೆಗೂದಲೇ ಬೆಳ್ಳಗಾಗುತ್ತೆ. ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ 20%ಗಿಂತ ಹೆಚ್ಚು ಕ್ವಾರ್ಟ್ಜ್ ಇರುತ್ತೆ, ಅದೇ ಸಿಲಿಕಾ. ಕಣ್ಣಿಗೆ ಕಾಣದಷ್ಟು ನುಣ್ಣನೆ ಪುಡಿ ಶ್ವಾಸಕೋಶದ ಆಳಕ್ಕೆ ಇಳಿದು ಕೂತರೆ ಸಿಲಿಕೋಸಿಸ್. ಅದನ್ನ ಗುಣಪಡಿಸೋ ಔಷಧಿ ಇಲ್ಲ. ಮರದ ಕಲೆಯನ್ನ ಕೆರೆದು ತೆಗೀಬಹುದು. ಎದೆಯೊಳಗೆ ಸ್ಕ್ರೇಪರ್ ಹಾಕೋಕಾಗುತ್ತಾ?

ಮರದ ಧೂಳೇನೂ ಸಾಚಾ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನ 1995ರಲ್ಲಿ, ಸಿಲಿಕಾ ಧೂಳನ್ನ 1997ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

5/5
"ನಮ್ಮ ತಾತಂದಿರು ಮಾಸ್ಕ್ ಹಾಕಿದ್ರಾ?" ಇಲ್ಲ. ಅವರ ಕೈಲಿ ಇದ್ದದ್ದು ಉಳಿ, ಸುತ್ತಿಗೆ. ಹೆಚ್ಚಾಗಿ ಚಕ್ಕೆ ಬೀಳ್ತಿತ್ತು. ನಮ್ಮ ಕೈಲಿರೋದು ಗ್ರೈಂಡರ್, ಅದು ಕಲ್ಲನ್ನೇ ಹೊಗೆ ಮಾಡುತ್ತೆ. ಹತಾರ ಬದಲಾಯ್ತು, ಅಭ್ಯಾಸ ಮಾತ್ರ ಹಳೇದೇ ಇರಲಿ ಅಂದ್ರೆ ಅದು ಪರಂಪರೆ ಅಲ್ಲ, ಸೋಮಾರಿತನ. ಕರ್ಚೀಫ್ ಕಟ್ಟಿದ್ರೆ ಸಾಕು ಅನ್ನೋದೂ ಸುಳ್ಳು, ಆ ಪುಡಿಗೆ ಬಟ್ಟೆಯ ನೇಯ್ಗೆ ಬಾಗಿಲಿದ್ದ ಹಾಗೆ. ಕನಿಷ್ಠ ಎನ್‌95 ಬೇಕು. ಕಲ್ಲಿಗೆ ನೀರು ಬಿಟ್ಟು ಕೊಯ್ಯಬೇಕು, ಆದರೆ ನೀರಿಗೆಂದೇ ಮಾಡಿದ ಮೆಷಿನ್‌ನಲ್ಲಿ, ಇಲ್ಲಾಂದ್ರೆ ಶಾಕ್ ಹೊಡೆಯುತ್ತೆ.

"ಇದಕ್ಕೆಲ್ಲಾ ದುಡ್ಡು ಯಾರು ಕೊಡ್ತಾರೆ?" ಸರಿಯಾದ ಪ್ರಶ್ನೆ. ಉತ್ತರ: ಆರ್ಡರ್ ಕೊಡೋರು. ಪಾಲಿಶ್‌ಗೆ ರೇಟ್ ಹಾಕೋ ನಾವು ಮಾಸ್ಕ್‌ಗೆ, ನೀರಿಗೆ, ವ್ಯಾಕ್ಯೂಮ್‌ಗೂ ಬಿಲ್‌ನಲ್ಲಿ ಒಂದು ಸಾಲು ಬರೀಬೇಕು. ದೇವರ ವಿಗ್ರಹಕ್ಕೆ ಚೌಕಾಸಿ ಮಾಡೋರು ಕೆತ್ತಿದವನ ಉಸಿರಿಗೂ ಚೌಕಾಸಿ ಮಾಡ್ತಾರಾ, ಕೇಳಿ ನೋಡೋಣ.

ನಾಳೆ ಶೆಡ್‌ಗೆ ಕೆಲಸ ಕಲಿಯೋಕೆ ಹೋಗೋ ಕ್ಲಾಸ್‌ಮೇಟ್‌ಗೆ ಇದನ್ನ ಕಳಿಸಿ. ಊದೋ ರೀಲ್ ಕಂಡ್ರೆ ಲೈಕ್ ಒತ್ತೋ ಮೊದಲು ಕಮೆಂಟ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ಮಾಸ್ಕ್ ಎಲ್ಲಿ?"

#ಶಿವಾರಪಟ್ಟಣ #ಮಾಲೂರು #ಊದಬೇಡಿ #ಅಣ್ಣಾಮಾಸ್ಕ್ಎಲ್ಲಿ