ಬಿಟ್ಟುಹೋದವರ ಹೆಸರು

ಲೋಕದವರೆಲ್ಲರಿಗೂ ಒಂದು ಸಾಮಾನ್ಯ ಭಾಷೆಯಿರಲೆಂದು ಕಟ್ಟಿದ ಎಸ್ಪೆರಾಂತೊದಲ್ಲಿ 'ಕಬೇಯಿ' ಎಂಬ ಕ್ರಿಯಾಪದವಿದೆ. ಆ ಭಾಷೆಗಾಗಿ ಹಗಲಿರುಳು ದುಡಿದು, ಹೆಸರು ಮಾಡಿ, ಒಂದು ದಿನ ಇದ್ದಕ್ಕಿದ್ದಂತೆ ಎಲ್ಲವನ್ನೂ ಬಿಟ್ಟು ನಡೆದುಬಿಡುವುದು ಎಂದು ಅದರ ಅರ್ಥ. ಎಸ್ಪೆರಾಂತೊದ ಬಹುಪಾಲು ಪದಗಳ ಬೇರು ಹಿಡಿದು ಹೋದರೆ ಲ್ಯಾಟಿನ್, ಫ್ರೆಂಚ್, ಜರ್ಮನ್ ಸಿಗುತ್ತವೆ. ಇದರ ಬೇರಿನಲ್ಲಿ ಸಿಗುವವರು ವಾರ್ಸಾದ ಒಬ್ಬ ಕಣ್ಣಿನ ಡಾಕ್ಟರು.

ಹೆಸರು ಕಾಜಿಮ್ಯೆಶ್ ಬೈನ್. ಹುಟ್ಟಿದ್ದು 1872ರಲ್ಲಿ. (1887ರಲ್ಲಿ ಈ ಭಾಷೆಯನ್ನು ಲೋಕದ ಮುಂದಿಟ್ಟ ಜಾಮೆನ್‌ಹೋಫ್ ಕೂಡ ಅದೇ ಊರಿನಲ್ಲಿ ಕಣ್ಣಿನ ಡಾಕ್ಟರಾಗಿದ್ದವರು.) ಬೈನ್ ತಮ್ಮ ಹೆಸರಿನ ಮೊದಲಕ್ಷರಗಳನ್ನೇ ಜೋಡಿಸಿ 'ಕಬೇ' ಎಂಬ ಕಾವ್ಯನಾಮ ಇಟ್ಟುಕೊಂಡರು. ಎಸ್ಪೆರಾಂತೊ ವರ್ಣಮಾಲೆಯಲ್ಲಿ ಆ ಅಕ್ಷರಗಳನ್ನು 'ಕೋ', 'ಬೋ' ಎನ್ನುತ್ತಾರೆ. 'ಕಾ', 'ಬೇ' ಎನ್ನುವುದು ಪೋಲಿಷ್ ರೂಢಿ. ಎಲ್ಲರ ಭಾಷೆಗೆಂದು ದುಡಿಯಲು ಬಂದವರು ತಮ್ಮ ಮನೆಮಾತಿನ ಉಚ್ಚಾರವನ್ನೇ ಹೆಸರಾಗಿ ತಂದಿದ್ದರು. ನನ್ನನ್ನು ಬಹಳವಾಗಿ ತಟ್ಟಿದ್ದು ಈ ಪುಟ್ಟ ಸಂಗತಿ.

ಬೊಲೆಸ್ವಾಫ್ ಪ್ರೂಸ್ ಅವರ ದೊಡ್ಡ ಪೋಲಿಷ್ ಕಾದಂಬರಿ 'ಫರವೋನ್' ಅನ್ನು ಬೈನ್ 1907ರಲ್ಲಿ ಎಸ್ಪೆರಾಂತೊಗೆ ತಂದರು. ಅವರ ತಿಳಿಯಾದ ಗದ್ಯವನ್ನು ಜನ ಮಾದರಿಯೆಂದು ಓದಿದರು. 1910ರಲ್ಲಿ, ಎಸ್ಪೆರಾಂತೊ ಪದಗಳಿಗೆ ಎಸ್ಪೆರಾಂತೊದಲ್ಲೇ ಅರ್ಥ ಹೇಳುವ ನಿಘಂಟು ಕೊಟ್ಟರು. ಮರುವರ್ಷ, 1911ರಲ್ಲಿ, ಕಾರಣವನ್ನೂ ಹೇಳದೆ ಎಸ್ಪೆರಾಂತೊ ಚಳವಳಿಯಿಂದ ಹೊರನಡೆದರು.

ಹಾಗೆ ಹೋದವರ ಹೆಸರಿಗೆ ಜನ ಒಂದು 'ಇ' ಹಚ್ಚಿದರು, ಕ್ರಿಯಾಪದವಾಯಿತು. ಭೂತಕಾಲಕ್ಕೆ 'ಕಬೇಯಿಸ್'. ಫೋನನ್ನು 'ಫೋನಾಯಿಸು' ಮಾಡಿಕೊಂಡ ನಮ್ಮ ಕಿವಿಗೆ ಇದು ಕನ್ನಡದ್ದೇ ರೂಪದಂತೆ ಕೇಳಿಸುತ್ತದೆ. ಹಾಗೆ ಬಿಟ್ಟುಹೋದವರು 'ಕಬೇಯಿಂತೊ'.

ಈ ಪದದಲ್ಲಿ ಬೈಗುಳಕ್ಕಿಂತ ನೋವು ಹೆಚ್ಚಿದೆ ಎಂದೇ ನನ್ನ ನಂಬಿಕೆ. ನಾಲ್ಕು ದಿನ ಪಾಠ ಕಲಿತು ಕೈಬಿಟ್ಟವರಿಗೆ ಇದು ಸಲ್ಲುವುದಿಲ್ಲ. ಭಾಷೆಗೆ ಏನಾದರೂ ಕೊಟ್ಟವರು ಹೋದರೆ ಮಾತ್ರ ಕಬೇಯಿಸಿದಂತೆ. ಪತ್ರಿಕೆ ನಡೆಸುವ ನಮಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು: ಒಳ್ಳೆಯ ಕೈಬರಹದ ಲಕೋಟೆಯೊಂದು ಬರುವುದು ನಿಂತಾಗ ಎಷ್ಟು ತಿಂಗಳು ಅಂಚೆಯ ದಾರಿ ಕಾಯುತ್ತೇವೆ!

ಬೈನ್ 1959ರವರೆಗೆ ಬದುಕಿದ್ದರು. ಚಳವಳಿಗೆ ಮರಳಲಿಲ್ಲ. ಅವರ ಅನುವಾದಗಳನ್ನು ಜನ ಓದುವುದನ್ನು ಬಿಡಲಿಲ್ಲ.